ಪಾಚಿಯ ವಿಷವನ್ನುಣ್ಣುವ ಬ್ಯಾಕ್ಟೀರಿಯಗಳು

ನೀರನ್ನು ಕುದಿಸಿ ಆರಿಸಿ ಕುಡಿದರೆ ರೋಗಭಯವಿಲ್ಲವೆಂಬುದು ಕನ್ನಡಿಗರ ಮನೆಗಳಲ್ಲಿ ರೂಢಿಯಾಗಿ ಬಂದಿರುವ ನಂಬಿಕೆ. ಕಾಲರಾ, ಟೈಫಾಯಿಡ್ ಮೊದಲಾದ ರೋಗಗಳ ಮಟ್ಟಿಗೆ ಅದು ಸರಿಯೇ. ಆದರೆ ಕುದಿಸಿದರೂ ನಾಶವಾಗದ ವಿಷವೊಂದುಂಟು. ಅದು ನೀರಿನ ಪಾಚಿಯಿಂದ ಹುಟ್ಟುತ್ತದೆ.

ಆರ್.ಕೆ.ಪುರಂಗೆ ಸಮೀಪದ ಹೌಜ್ ಖಾಸ್ ಕೆರೆಗೆ ವಿಹಾರಕ್ಕೆ ಹೋದವರು ಅದರ ನೀರು ಹಸಿರುಗಟ್ಟಿರುವುದನ್ನು ಕಂಡಿರಬಹುದು. ಅಲಾವುದ್ದೀನ್ ಖಿಲ್ಜಿ ಕಟ್ಟಿಸಿದ ಈ ಕೆರೆಗೆ ಈಗ ಹರಿದುಬರುವುದು ಶುದ್ಧೀಕರಿಸಿದ ಚರಂಡಿನೀರು. ಅಂತಹ ನೀರಿನಲ್ಲಿ ಉಳಿಯುವ ಸಾರಜನಕ, ರಂಜಕಗಳೇ ಪಾಚಿಗೆ ಗೊಬ್ಬರ. ಹೌಜ್ ಖಾಸ್‌ನ ನೀರನ್ನು ಯಾರೂ ಕುಡಿಯುವುದಿಲ್ಲ, ನಿಜ. ಆದರೆ ಕೆರೆ, ಜಲಾಶಯಗಳನ್ನೇ ನಂಬಿದ ಊರುಗಳು ಅನೇಕ.

ಹಸಿರಾದ ನೀರೆಲ್ಲವೂ ವಿಷವಲ್ಲ. ನೀಲಿ-ಹಸಿರು ಪಾಚಿಗಳಲ್ಲಿ ಕೆಲವು, ಮುಖ್ಯವಾಗಿ ಮೈಕ್ರೋಸಿಸ್ಟಿಸ್ ಎಂಬುದು, ಮೈಕ್ರೋಸಿಸ್ಟಿನ್ ಎಂಬ ವಿಷವನ್ನು ತಯಾರಿಸುತ್ತವೆ. ಇದು ಯಕೃತ್ತನ್ನು ಕೆಡಿಸುತ್ತದೆ. ಪ್ರತಿದಿನ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. 1996ರಲ್ಲಿ ಬ್ರೆಜಿಲ್ ದೇಶದ ಕರುವಾರು ಪಟ್ಟಣದಲ್ಲಿ ಇಂತಹ ನೀರನ್ನು ಡಯಾಲಿಸಿಸ್‌ಗೆ ಬಳಸಿದ್ದರಿಂದ 50ಕ್ಕೂ ಹೆಚ್ಚು ರೋಗಿಗಳು ಮೃತರಾದರು. 2014ರಲ್ಲಿ ಅಮೆರಿಕದ ಟೊಲೆಡೊ ನಗರದ ಸುತ್ತಿನ ಲಕ್ಷಾಂತರ ಜನರಿಗೆ ನಲ್ಲಿಯ ನೀರನ್ನು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಸಾರಲಾಯಿತು. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ವಿಷ ಉಳಿದು ಸಾಂದ್ರವಾಗುತ್ತದೆ.

ಹಾಗಾದರೆ ಪಾಚಿಯನ್ನೇ ಕೊಂದರಾಗದೆ? 1979ರಲ್ಲಿ ಆಸ್ಟ್ರೇಲಿಯದ ಪಾಮ್ ದ್ವೀಪದಲ್ಲಿ ಹಾಗೆಯೇ ಮಾಡಿದರು. ಅಡಕೆ ತೋಟಗಳ ಔಷಧಿಗೆ ಬಳಸುವ ಮೈಲುತುತ್ತವನ್ನು ಜಲಾಶಯಕ್ಕೆ ಹಾಕಿದರು. ಸತ್ತ ಪಾಚಿಯ ಕೋಶಗಳು ಒಡೆದು ಮತ್ತೊಂದು ಬಗೆಯ ವಿಷ ನೀರಿಗಿಳಿಯಿತು. 148 ಮಂದಿ ಅಸ್ವಸ್ಥರಾದರು. ಅವರಲ್ಲಿ ಬಹುಪಾಲು ಮಕ್ಕಳು.

ಇಲ್ಲಿ ಪ್ರಕೃತಿಯೇ ಒಂದು ದಾರಿಯನ್ನು ತೋರಿದೆ. ಕೆರೆಯ ನೀರಿನಲ್ಲಿಯೇ ಈ ವಿಷವನ್ನು ಆಹಾರವಾಗಿ ಉಣ್ಣುವ ಬ್ಯಾಕ್ಟೀರಿಯಗಳಿವೆ. 1994ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಸ್ಫಿಂಗೊಮೊನಾಸ್ ಜಾತಿಯ ಒಂದನ್ನು ಬೇರ್ಪಡಿಸಿದರು. ಮೈಕ್ರೋಸಿಸ್ಟಿನ್ ಎಂಬುದು ಏಳು ಅಮೈನೋ ಆಮ್ಲಗಳು ಸೇರಿದ ಉಂಗುರ. ಬ್ಯಾಕ್ಟೀರಿಯದ ಕಿಣ್ವವೊಂದು ಈ ಉಂಗುರವನ್ನು ಒಂದೆಡೆ ಕತ್ತರಿಸಿದೊಡನೆ ವಿಷದ ತೀಕ್ಷ್ಣತೆ ಸುಮಾರು 160 ಪಟ್ಟು ಕುಗ್ಗುತ್ತದೆ. ಉಳಿದ ತುಂಡುಗಳನ್ನು ಬೇರೆ ಕಿಣ್ವಗಳು ಅರಗಿಸುತ್ತವೆ.

ಇವುಗಳಿಂದ ಕೆಲಸ ತೆಗೆಯಲು ಹಳೆಯ ಕಾಲದ ಮರಳು ಶೋಧಕವೇ ತಕ್ಕ ಸ್ಥಳ. ಮರಳಿನ ಕಣಗಳ ಮೇಲೆ ಬ್ಯಾಕ್ಟೀರಿಯಗಳು ತೆಳುಪದರವಾಗಿ ನೆಲೆಸುತ್ತವೆ, ನೀರು ಮೆಲ್ಲನೆ ಇಳಿಯುವಾಗ ವಿಷವನ್ನು ಹೀರಿಕೊಳ್ಳುತ್ತವೆ. ಆದರೆ ಪದರ ಬಲಿಯಲು ವಾರಗಳೇ ಬೇಕಾಗಬಹುದು. ಚಳಿಯಲ್ಲಿ ಅವುಗಳ ಕಾರ್ಯ ನಿಧಾನ. ಶೋಧಕದ ಮೇಲೆ ಕ್ಲೋರಿನ್ ಸುರಿದರೆ ಅವೂ ಸಾಯುತ್ತವೆ.

ಆದುದರಿಂದ ಹಸಿರು ಕೆನೆಗಟ್ಟಿದ ನೀರಿಗೆ ಮಕ್ಕಳನ್ನಾಗಲಿ, ದನಕರುಗಳನ್ನಾಗಲಿ ಇಳಿಸಬಾರದು. ಅದನ್ನು ಕುದಿಸಿಯೂ ಕುಡಿಯಬಾರದು. ಎಲ್ಲಕ್ಕಿಂತ ಮುಖ್ಯವಾದುದು, ಕೆರೆಗೆ ಕೊಳಚೆ ಸೇರದಂತೆ ತಡೆಯುವುದು. ಆದಾಯಕ್ಕಿಂತ ಖರ್ಚು ಮೀರಿದ ಖಾತೆ ಹೇಗೆ ಉಳಿಯದೋ, ಅರಗಿಸುವ ಶಕ್ತಿಗಿಂತ ಹೊಲಸು ಮೀರಿದ ಕೆರೆಯೂ ಹಾಗೆಯೇ ಉಳಿಯದು. ಕಣ್ಣಿಗೆ ಕಾಣದ ಈ ಜೀವಿಗಳು ಎಷ್ಟೇ ದುಡಿದರೂ ಮನುಷ್ಯನ ಅಜಾಗರೂಕತೆಯ ಸಾಲವನ್ನೆಲ್ಲ ತೀರಿಸಲಾರವು.