ಮಾರ್ಕನನ್ನು ಕರೆದುಕೊಂಡು ಬಾ

ವೇದಭಾಗ: ಅಪೊಸ್ತಲರ ಕೃತ್ಯಗಳು 15:36-41, 2 ತಿಮೊಥೆಯ 4:9-11

 

ಪ್ರಿಯರೇ, ಮುಂದಿನ ಭಾನುವಾರ ನಾವು ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಳ್ಳಲಿಕ್ಕೆ ಇದ್ದೇವೆ. ಅದಕ್ಕೆ ಮುಂಚೆ ಒಂದು ವಿಷಯ ಕಲಿಯೋಣ. ವಿಶ್ವಾಸಿಗಳ ನಡುವೆ ಮನಸ್ತಾಪ ಬಂದರೆ ಏನು ಮಾಡಬೇಕು? ಹೊರಗಿನವರನ್ನು ಕ್ಷಮಿಸೋದು ಒಂದು ಲೆಕ್ಕಕ್ಕೆ ಸುಲಭ. ಒಂದೇ ಸಭೆಯಲ್ಲಿ, ಒಂದೇ ಪಾತ್ರೆಯಲ್ಲಿ ಕುಡಿಯುವವರನ್ನು ಕ್ಷಮಿಸೋದು ಕಷ್ಟ. ಸೈಟಿನ ವಿಷಯ, ಕೊಟ್ಟ ಸಾಲ, ಮಗಳ ಮದುವೆಯ ಮಾತು, ಯಾರೋ ಆಡಿದ ಒಂದು ಮಾತು, ಇಷ್ಟೇ ಸಾಕು. ಒಬ್ಬರು ಈ ಬಾಗಿಲಿಂದ ಬರ್ತಾರೆ, ಇನ್ನೊಬ್ಬರು ಆ ಬಾಗಿಲಿಂದ ಹೋಗ್ತಾರೆ. ಇಬ್ಬರೂ ಕೈ ಎತ್ತಿ ಆರಾಧನೆ ಮಾಡ್ತಾರೆ.

1. ಆತ್ಮಭರಿತರ ನಡುವೆಯೂ ಜಗಳ ಬಂತು

ಪೌಲ, ಬಾರ್ನಬ ಇಬ್ಬರೂ ಸಾಮಾನ್ಯ ವಿಶ್ವಾಸಿಗಳಲ್ಲ. ಅಂತಿಯೋಕ್ಯದ ಸಭೆಯಲ್ಲಿ ಪವಿತ್ರಾತ್ಮನೇ ಇವರಿಬ್ಬರ ಹೆಸರು ಹೇಳಿ ಪ್ರತ್ಯೇಕಿಸಿದನು (ಅ.ಕೃ. 13:2). ಇನ್ನೂ ಹಿಂದಕ್ಕೆ ಹೋಗಿ ನೋಡಿ. ಸೌಲನು ಯೆರೂಸಲೇಮಿಗೆ ಬಂದಾಗ ಎಲ್ಲಾ ಶಿಷ್ಯರೂ ಅವನಿಗೆ ಹೆದರಿದರು. ಆಗ ಅವನನ್ನು ಕೈಹಿಡಿದು ಅಪೊಸ್ತಲರ ಬಳಿಗೆ ಕರೆತಂದವನು ಬಾರ್ನಬನೇ (9:26-27).

ಅಂಥವರ ನಡುವೆ ಮಾರ್ಕನ ವಿಷಯಕ್ಕೆ ಜಗಳ ಬಂತು. ಮೊದಲನೇ ಸುವಾರ್ತಾ ಪ್ರಯಾಣದಲ್ಲಿ ಈ ಯೌವನಸ್ಥನು ಪಂಫುಲ್ಯ ಸೀಮೆಯಲ್ಲಿ ಇವರನ್ನು ಬಿಟ್ಟು ಯೆರೂಸಲೇಮಿಗೆ ಹಿಂತಿರುಗಿದ್ದನು (13:13). ಯಾಕೆ ಹೋದ ಅಂತ ಸತ್ಯವೇದ ಹೇಳೋದಿಲ್ಲ. ಎರಡನೇ ಸಲ ಹೊರಡುವಾಗ ಬಾರ್ನಬ, ಇವನೂ ಬರಲಿ ಅಂದ. ಪೌಲ, ಬೇಡವೇ ಬೇಡ ಅಂದ. ಮಾತಿಗೆ ಮಾತು ಬೆಳೆದು ಇಬ್ಬರೂ ಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಹಡಗು ಹತ್ತಿ ಕುಪ್ರಕ್ಕೆ ಹೋದ. ಪೌಲ ಸೀಲನನ್ನು ಆರಿಸಿಕೊಂಡು ಸಿರಿಯ, ಕಿಲಿಕ್ಯ ಸೀಮೆಗಳ ಕಡೆ ಹೋದ.

ಇಲ್ಲಿ ತಪ್ಪು ಯಾರದು? ಲೂಕನು ತೀರ್ಪು ಬರೆದಿಲ್ಲ. ಬಾರ್ನಬ ವ್ಯಕ್ತಿಯನ್ನು ನೋಡಿದ, ಪೌಲ ಕೆಲಸವನ್ನು ನೋಡಿದ. ಎಷ್ಟೋ ಮನಸ್ತಾಪಗಳು ಹೀಗೆಯೇ. ಎರಡೂ ಕಡೆ ಸ್ವಲ್ಪ ನ್ಯಾಯ ಇರುತ್ತೆ. ನಮ್ಮ ಕಡೆಯ ನ್ಯಾಯ ನಮಗೆ ದೊಡ್ಡದಾಗಿ ಕಾಣುತ್ತೆ, ಅಷ್ಟೇ.

ಒಂದು ಮಾತು ಗಮನಿಸಿ. ಈ ಜಗಳಕ್ಕೆ ಗ್ರೀಕ್ ಮೂಲದಲ್ಲಿ ಬಳಸಿರುವ ಪದ 'ಪರೋಕ್ಸಿಸ್ಮೊಸ್', ಅಂದರೆ ಕೆರಳುವುದು, ಕೆರಳಿಸುವುದು. ಇದೇ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ, ಇಬ್ರಿಯ 10:24ರಲ್ಲಿ. ಅಲ್ಲಿ ಪ್ರೀತಿ ಮಾಡುವುದಕ್ಕೂ ಒಳ್ಳೇ ಕೆಲಸ ಮಾಡುವುದಕ್ಕೂ ಒಬ್ಬರನ್ನೊಬ್ಬರು ಪ್ರೇರಿಸಬೇಕು ಅಂತ ಹೇಳುವಾಗ ಈ ಪದ ಇದೆ. ನೋಡಿದ್ರಾ? ನಿಮ್ಮ ಮಾತು ಇನ್ನೊಬ್ಬರನ್ನು ಕೋಪಕ್ಕೂ ಎಬ್ಬಿಸಬಹುದು, ಪ್ರೀತಿಗೂ ಎಬ್ಬಿಸಬಹುದು. ಯಾವುದಕ್ಕೆ ಎಬ್ಬಿಸ್ತಾ ಇದ್ದೀರಿ?

2. ಕ್ಷಮೆ ಅಂದರೆ ನೋವೇ ಆಗಿಲ್ಲ ಅನ್ನೋದಲ್ಲ

ಮತ್ತಾಯ 18ನೇ ಅಧ್ಯಾಯದಲ್ಲಿ ಯೇಸು ಇಬ್ಬರು ಸಾಲಗಾರರ ಸಾಮ್ಯ ಹೇಳಿದನು. ಒಬ್ಬನ ಸಾಲ 10,000 ತಲಾಂತು, ಇನ್ನೊಬ್ಬನದು 100 ದಿನಾರಿ. ಒಂದು ದಿನಾರಿ ಅಂದರೆ ಒಬ್ಬ ಕೂಲಿಯವನ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. ಹಾಗಾದರೆ ಮೊದಲನೆಯವನ ಸಾಲ ಆರು ಕೋಟಿ ದಿನದ ಕೂಲಿ! ಎಷ್ಟು ಜನ್ಮ ದುಡಿದರೂ ತೀರದು. ಅದನ್ನು ಅರಸನು ಒಂದೇ ಮಾತಿನಲ್ಲಿ ಬಿಟ್ಟುಬಿಟ್ಟನು. ಅದು ನಮ್ಮ ಸಾಲ, ಶಿಲುಬೆಯಲ್ಲಿ ತೀರಿದ ಸಾಲ. ಆಮೆನ್?

ಆದರೆ ಆ 100 ದಿನಾರಿ ಸಹ ಚಿಕ್ಕದಲ್ಲ, ಪ್ರಿಯರೇ. ಮೂರು ತಿಂಗಳಿಗಿಂತ ಹೆಚ್ಚಿನ ದುಡಿಮೆ ಅದು. ಒಬ್ಬ ಬಡವನಿಗೆ ಮೂರು ತಿಂಗಳ ಕೂಲಿ ಹೋದರೆ ಮನೆ ನಡೆಯೋದು ಹೇಗೆ? ಯೇಸು ನಿಮ್ಮ ನೋವನ್ನು ಸುಳ್ಳು ಅಂತ ಹೇಳಲಿಲ್ಲ. "ಏನೂ ಆಗಿಲ್ಲ ಬಿಡಿ ಬ್ರದರ್" ಅನ್ನೋದು ಕ್ಷಮೆ ಅಲ್ಲ. ಆಗಿದೆ, ನಿಜವಾಗಿಯೂ ಆಗಿದೆ. ಆದರೂ ನನಗೆ ಬಿಟ್ಟಿರುವುದರ ಮುಂದೆ ಇದನ್ನು ಹಿಡಿದುಕೊಳ್ಳುವುದಿಲ್ಲ ಅನ್ನೋದೇ ಕ್ಷಮೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕ್ಷಮಿಸುವುದು ಬೇರೆ, ಸಮಾಧಾನವಾಗುವುದು ಬೇರೆ. ಕ್ಷಮೆಗೆ ಒಬ್ಬರು ಸಾಕು, ಸಮಾಧಾನಕ್ಕೆ ಇಬ್ಬರು ಬೇಕು. ಕುಡಿದು ಬಂದು ಹೊಡೆಯುವ ಗಂಡನ ಹತ್ತಿರ ಸಹೋದರಿಯನ್ನು ಕಳಿಸಿ, "ಕ್ಷಮಿಸಮ್ಮಾ, ತಾಳಿಕೊಂಡು ಹೋಗು" ಅನ್ನೋದು ಸುವಾರ್ತೆಯಲ್ಲ. ಮೋಸ ಮಾಡಿದವನು ಮಾನಸಾಂತರಪಟ್ಟರೆ ಅದರ ಫಲ ಕಾಣಬೇಕು. ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂದನು (ಲೂಕ 19:8). ದ್ವೇಷವನ್ನು ಇವತ್ತೇ ಬಿಡಬಹುದು. ನಂಬಿಕೆ ಮತ್ತೆ ಬೆಳೆಯಲಿಕ್ಕೆ ಸಮಯ ಹಿಡಿಯುತ್ತೆ.

3. ಮೊದಲು ಯಾರು ಹೋಗಬೇಕು?

ಮತ್ತಾಯ 5:23-24ರ ಪ್ರಕಾರ, ನನ್ನ ಮೇಲೆ ಸಹೋದರನಿಗೆ ಬೇಸರ ಇದ್ದರೆ ನಾನು ಹೋಗಬೇಕು. ಮತ್ತಾಯ 18:15ರ ಪ್ರಕಾರ, ಸಹೋದರನು ನನಗೆ ತಪ್ಪು ಮಾಡಿದ್ದರೂ ನಾನೇ ಹೋಗಬೇಕು. ಎರಡೂ ಕಡೆಯವರು ವಾಕ್ಯಕ್ಕೆ ವಿಧೇಯರಾದರೆ ಅರ್ಧ ದಾರಿಯಲ್ಲೇ ಎದುರಾಗ್ತಾರೆ! "ಅವರೇ ಬರಲಿ ಮೊದಲು" ಅನ್ನುವುದಕ್ಕೆ ಸತ್ಯವೇದದಲ್ಲಿ ಜಾಗವೇ ಇಲ್ಲ.

ಕರ್ತನು ಈ ಮಾತನ್ನು ಹೇಳಿದ್ದು ಗಲಿಲಾಯದಲ್ಲಿ. ಕಾಣಿಕೆ ಅರ್ಪಿಸುವ ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರಿಗೂ ಹೆಚ್ಚು ದೂರ. ಬಸ್ಸಿಲ್ಲ, ರೈಲಿಲ್ಲ. ಕಾಣಿಕೆಯನ್ನು ಅಲ್ಲೇ ಬಿಟ್ಟು ವಾಪಸ್ ಊರಿಗೆ ನಡೆದು, ಸಮಾಧಾನವಾಗಿ, ಮತ್ತೆ ಬಂದು ಅರ್ಪಿಸು ಅಂದರೆ ಎಷ್ಟು ದಿನದ ಕೆಲಸ! ನಮ್ಮಲ್ಲಿ ಕೆಲವರಿಗೆ ಪಕ್ಕದ ಬೀದಿ ದೂರವಾಗಿದೆ.

ಹೋಗುವ ಕ್ರಮವನ್ನೂ ಯೇಸು ಹೇಳಿದ್ದಾನೆ. ಮೊದಲು ಇಬ್ಬರೇ ಇರುವಾಗ ಮಾತಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಕೊನೆಗೆ ಸಭೆ. ನಾವು ಮಾಡೋದು ಪೂರ್ತಿ ಉಲ್ಟಾ. "ಪ್ರಾರ್ಥನೆ ಮಾಡಿ ಸಿಸ್ಟರ್" ಅಂತ ಶುರುಮಾಡಿ ಹತ್ತು ಮನೆಗೆ ಹೇಳ್ತೀವಿ, ಆಮೇಲೆ ಪಾಸ್ಟರಿಗೆ ಹೇಳ್ತೀವಿ, ಸಂಬಂಧಪಟ್ಟ ವ್ಯಕ್ತಿಗೆ ಮಾತ್ರ ಹೇಳೋದೇ ಇಲ್ಲ.

ಎಫೆಸ 4:30ರಲ್ಲಿ ಪವಿತ್ರಾತ್ಮನನ್ನು ದುಃಖಪಡಿಸಬೇಡಿರಿ ಅನ್ನುವ ಎಚ್ಚರಿಕೆ ಇದೆ. ಮುಂದಿನ ವಚನದಲ್ಲೇ ಯಾವುದನ್ನು ಬಿಡಬೇಕು ಅಂತ ಪೌಲ ಪಟ್ಟಿ ಕೊಡುತ್ತಾನೆ: ದ್ವೇಷ, ಕೋಪ, ಕೂಗಾಟ, ದೂಷಣೆ. ಅನ್ಯಭಾಷೆಯಲ್ಲಿ ಪ್ರಾರ್ಥಿಸಿದ ನಾಲಿಗೆಯಲ್ಲೇ ಸಹೋದರನ ಹೆಸರು ಕೆಡಿಸಿದರೆ ಆತ್ಮನಿಗೆ ದುಃಖವಾಗುತ್ತೆ, ಪ್ರಿಯರೇ.

4. ಹಳೇ ತೀರ್ಪನ್ನು ಪೌಲ ಹಿಡಿದುಕೊಂಡಿರಲಿಲ್ಲ

ವರ್ಷಗಳು ಕಳೆದವು. ಪೌಲ ಸೆರೆಯಿಂದ ಕೊಲೊಸ್ಸೆಯವರಿಗೆ ಪತ್ರ ಬರೆಯುವಾಗ ಮಾರ್ಕ ಅವನ ಜೊತೆ ಇದ್ದಾನೆ. ಅವನು ಬಂದರೆ ಸೇರಿಸಿಕೊಳ್ಳಿ ಅಂತ ಪೌಲನೇ ಶಿಫಾರಸು ಮಾಡ್ತಾನೆ (ಕೊಲೊಸ್ಸೆ 4:10). ಒಂದು ಕಾಲದಲ್ಲಿ ಬಾರ್ನಬ ತನಗೋಸ್ಕರ ಮಾಡಿದ್ದನ್ನು ಈಗ ಪೌಲ ಮಾರ್ಕನಿಗೋಸ್ಕರ ಮಾಡ್ತಾ ಇದ್ದಾನೆ.

ಕಡೆಯ ಪತ್ರವನ್ನು ನೋಡಿ. ಪೌಲನ ಪ್ರಾಣ ಹೋಗುವ ಕಾಲ ಹತ್ತಿರವಾಗಿದೆ. ದೇಮ ಬಿಟ್ಟುಹೋಗಿದ್ದಾನೆ, ಜೊತೆಗಿರುವವನು ಲೂಕ ಒಬ್ಬನೇ. ಆಗ ತಿಮೊಥೆಯನಿಗೆ, ಬರುವಾಗ ಮಾರ್ಕನನ್ನು ಕರೆದುಕೊಂಡು ಬಾ, ಸೇವೆಯಲ್ಲಿ ಅವನು ನನಗೆ ಉಪಯೋಗವಾಗಿದ್ದಾನೆ ಅಂತ ಬರೀತಾನೆ. ಬೇಡ ಅಂದಿದ್ದ ಬಾಯೇ ಈಗ ಬೇಕು ಅಂತ ಇದೆ. ಬದಲಾದದ್ದು ಮಾರ್ಕ ಮಾತ್ರವೇ? ಬದಲಾದ ಮಾರ್ಕನನ್ನು ನೋಡುವ ಕಣ್ಣು ಪೌಲನಿಗೆ ಬಂದಿತ್ತು. ನಾವು ಎಷ್ಟೋ ಜನರನ್ನು ಅವರ ಪಂಫುಲ್ಯದಲ್ಲೇ ನಿಲ್ಲಿಸಿಬಿಟ್ಟಿದ್ದೇವೆ. ಆ ದಿನ ಬಿಟ್ಟುಹೋದ ಅನ್ನೋದನ್ನೇ ಇವತ್ತಿಗೂ ಹೇಳ್ತೀವಿ. ಆಮೇಲೆ ದೇವರು ಅವರಲ್ಲಿ ಏನು ಮಾಡಿದನು ಅಂತ ಕೇಳಿದ್ದೇವಾ?

ದೇವಜನರೇ, ಈ ವಾರ ಮೂರು ಕೆಲಸ ಮಾಡಿ. ಒಂದು, ಕರ್ತನು ನಿಮಗೆ ನೆನಪಿಗೆ ತರುವ ಆ ಹೆಸರನ್ನು ಹೇಳಿ, ಅವರ ಒಳ್ಳೇದಕ್ಕಾಗಿ ಪ್ರಾರ್ಥಿಸಿ. ಎರಡು, ಅವರ ವಿಷಯವನ್ನು ಮೂರನೆಯವರ ಹತ್ತಿರ ಮಾತಾಡೋದು ನಿಲ್ಲಿಸಿ. ಮೂರು, ಹೋಗಲಿಕ್ಕೆ ಅಪಾಯವಿಲ್ಲದಿದ್ದರೆ ಭಾನುವಾರಕ್ಕೆ ಮುಂಚೆ ಹೋಗಿ, ಇಲ್ಲವೇ ಒಂದು ಫೋನ್ ಮಾಡಿ. ಅವರು ಬಾಗಿಲು ತೆರೆಯದಿರಬಹುದು. ನಿಮ್ಮಿಂದಾಗುವಷ್ಟು ಮಟ್ಟಿಗೆ ಸಮಾಧಾನದಿಂದಿರಬೇಕು ಅಂತಲೇ ರೋಮಾಪುರ 12:18 ಹೇಳುತ್ತದೆ. ನಿಮ್ಮ ಭಾಗ ನೀವು ಮಾಡಿ, ಉಳಿದದ್ದು ಕರ್ತನ ಕೈಯಲ್ಲಿದೆ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ತೀರಿಸಲಾಗದ ನಮ್ಮ ಸಾಲವನ್ನು ಬಿಟ್ಟುಕೊಟ್ಟದ್ದಕ್ಕಾಗಿ ಸ್ತೋತ್ರ. ನಮ್ಮ ಮಧ್ಯದಲ್ಲಿ ಮುರಿದುಹೋದ ಸಂಬಂಧಗಳನ್ನು ನೀನು ನೋಡ್ತಾ ಇದ್ದೀ. ಮೊದಲನೇ ಹೆಜ್ಜೆ ಇಡುವ ಕೃಪೆಯನ್ನು ನಮಗೆ ಕೊಡು. ಗಾಯಪಟ್ಟವರನ್ನು ಸ್ವಸ್ಥಮಾಡು, ಗಾಯಮಾಡಿದವರಿಗೆ ಮಾನಸಾಂತರ ಕೊಡು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ, ಆಮೆನ್.