ಹುಡುಕುವ ಕೂಲಿ ಕೊಡಿ

ಹೋದ ಡಿಸೆಂಬರಿನಲ್ಲಿ ನಮ್ಮ ಮನೆಯ ಲಾರಿಯ ಡೀಸೆಲ್ ಪಂಪ್ ಇಳಿಸಿ, ಎಲಿಮೆಂಟ್ ಮತ್ತು ಆರೂ ನಾಝಲ್ ಬದಲಿಸಿ, ಕ್ಯಾಲಿಬ್ರೇಶನ್ ಮಾಡಿಸಿ ಮತ್ತೆ ಕೂಡಿಸುವಷ್ಟರಲ್ಲಿ 32,000 ರೂಪಾಯಿ ಬಿಲ್ ಆಯಿತು. ಅದಕ್ಕಾಗಿ ಗಾಡಿಯ ಮೇಲೆ 50,000 ರೂಪಾಯಿ ಟಾಪ್‌ಅಪ್ ಸಾಲ ತೆಗೆದೆವು. ರಿಪೇರಿ ಮುಗಿಸಿ ಬೆಳಗಾವಿಯಿಂದ ಖಾನಾಪುರಕ್ಕೆ ಬಂದು, ಹಂಚಿನ ಲೋಡಿಗೆ ಗಾಡಿ ಹಚ್ಚಿದಾಗ ನೆಲದ ಮೇಲೆ ಮತ್ತೆ ಡೀಸೆಲ್ ಬಿದ್ದಿತ್ತು.

ಪಂಪ್ ಇಳಿಸುವ ತೀರ್ಮಾನಕ್ಕೆ ಕಾರಣಗಳಿದ್ದವು. ಮುಂಜಾನೆ ಗಾಡಿ ಒಂದೇ ಸೆಲ್ಫಿಗೆ ಚಾಲೂ ಆಗುತ್ತಿರಲಿಲ್ಲ. ಡ್ರೈವರ್ ಕೆಳಗಿಳಿದು ಹ್ಯಾಂಡ್ ಪಂಪ್ ಒತ್ತಬೇಕಿತ್ತು. ಪಂಪಿನ ಮೈ ಸದಾ ಹಸಿ. ಮೈಲೇಜ್ ನಾಲ್ಕರಿಂದ ಕೆಳಗೆ ಇಳಿದಿತ್ತು. ಮೇಲಾಗಿ ಅದು ಸೀಸನ್. ಮಳೆಗಾಲದಲ್ಲಿ ಖಾನಾಪುರದ ಇಟ್ಟಿಗೆ ಭಟ್ಟಿಗಳು ನಿಂತು ಬಿಡುತ್ತವೆ. ಡಿಸೆಂಬರಿನಿಂದ ಮೇ ತನಕ ದುಡಿದದ್ದರಲ್ಲೇ ಇಡೀ ವರ್ಷದ ಇನ್ಶೂರೆನ್ಸು, ಟೈರು, ಕಂತು ಎಲ್ಲ ಹೊರಡಬೇಕು. ಬೆಳಗಾವಿಯ ವರ್ಕ್‌ಶಾಪಿನಲ್ಲಿ "ಪಂಪ್ ಹೋಗೇತ್ರಿ" ಅಂದರು. ಪಂಪ್ ಹಸಿಯಾಗಿದ್ದದ್ದು ನಮ್ಮ ಕಣ್ಣಿಗೂ ಕಾಣುತ್ತಿತ್ತು. ನಿಂತ ನಿಲುವಿನಲ್ಲೇ ಹೂಂ ಅಂದೆವು.

ಸೋರಿಕೆ ಸಿಕ್ಕಿದ್ದು ಖಾನಾಪುರದ ಒಬ್ಬ ವಯಸ್ಸಾದ ಮಿಸ್ತ್ರಿಯ ಕೈಯಲ್ಲಿ. ಅವರು ಪಾನಾ ಮುಟ್ಟುವ ಮೊದಲು ಬ್ರಷ್ ಹಿಡಿದರು. ಫಿಲ್ಟರಿನಿಂದ ಪಂಪಿನ ತನಕ ಒಂದೊಂದೇ ಪೈಪು ತೊಳೆದು, ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟರು. ಆಮೇಲೆ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತಂದು ಎಲ್ಲದರ ಮೇಲೆ ತೆಳ್ಳಗೆ ಉದುರಿಸಿದರು. ಇಂಜಿನ್ ಚಾಲೂ ಮಾಡಿಸಿ ಬ್ಯಾಟರಿ ಹಿಡಿದು ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಬಿಳಿ ಪುಡಿಯಲ್ಲಿ ಕೂದಲೆಳೆಯಷ್ಟು ಗೆರೆ ಮೂಡಿತು. ಅದು ಶುರುವಾದದ್ದು ಮೇಲಿನ ಫಿಲ್ಟರಿನ ಬ್ಯಾಂಜೋ ಬೋಲ್ಟಿನ ಬುಡದಲ್ಲಿ. ಅಲ್ಲಿಂದ ಪೈಪಿನ ಹೊಟ್ಟೆಗುಂಟ ಇಳಿದು ಪಂಪಿನ ತಲೆ ಮೇಲೆ ಬೀಳುತ್ತಿತ್ತು. ಬೋಲ್ಟ್ ಬಿಚ್ಚಿ ತಾಮ್ರದ ವಾಷರನ್ನು ನನ್ನ ಕೈಗಿಟ್ಟರು. ಉಗುರಾಡಿಸಿದರೆ ತಗಲುವಂಥ ಗೀರು ಅದರ ಮೇಲಿತ್ತು. ರಿಟರ್ನ್ ಪೈಪಿನ ರಬ್ಬರ್ ಕೂಡ ಕ್ಲಿಪ್ಪಿನ ಹತ್ತಿರ ಸೀಳಿತ್ತು.

ಹಗಲು ಇಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವ ಜಾಗದಿಂದಲೇ ರಾತ್ರಿ ಗಾಡಿ ನಿಂತಾಗ ಒಳಗೆ ಗಾಳಿ ಸೇರುತ್ತಿತ್ತು. ಮುಂಜಾನೆ ಹ್ಯಾಂಡ್ ಪಂಪ್ ಒತ್ತಬೇಕಾಗುತ್ತಿದ್ದದ್ದು ಅದಕ್ಕೇ. ವಾಷರು, ಪೈಪು, ಕ್ಲಿಪ್ಪು ಎಲ್ಲ ಸೇರಿ 200 ರೂಪಾಯಿಯೂ ಆಗಲಿಲ್ಲ. ನಿಮ್ಮ ಕೂಲಿ ಎಷ್ಟೆಂದು ಕೇಳಿದಾಗ ಮಿಸ್ತ್ರಿ ಹೇಳಿದರು: "ಸಾಮಾನಿನ ರೊಕ್ಕ ಕೊಡ್ರಿ ಸಾವ್ಕಾರ್ರ. ಹುಡುಕಿದ್ದಕ್ಕ ಯಾರ ಕೊಡ್ತಾರ್ರೀ?"

ಈ ಅಂಕಣ ಬರೆಯಲು ಕೂತದ್ದೇ ಆ ಮಾತಿಗಾಗಿ. ನಾವು ಯಾರೂ ಹುಡುಕಿದ್ದಕ್ಕೆ ಕೂಲಿ ಕೊಡುವುದಿಲ್ಲ. ಹೊಸ ಸಾಮಾನಿನ ಡಬ್ಬಿ ಕಂಡರೆ ಮಾತ್ರ ಜೇಬಿಗೆ ಕೈ ಹೋಗುತ್ತದೆ. ಅರ್ಧ ದಿನ ಗಾಡಿಯ ಕೆಳಗೆ ಮಲಗಿ ಕೆಟ್ಟದ್ದು ಯಾವುದೆಂದು ಕಂಡುಹಿಡಿದವನಿಗೆ ಚಹಾ ಕುಡಿಸಿ ಕಳಿಸುತ್ತೇವೆ. ಸಾಮಾನು ಬದಲಿಸಿದಾಗ ಮಾತ್ರ ಹೊಟ್ಟೆ ತುಂಬುವುದಾದರೆ ವರ್ಕ್‌ಶಾಪ್ ಸಾಮಾನನ್ನೇ ಬದಲಿಸುತ್ತದೆ. ಅದನ್ನು ಮೋಸ ಅನ್ನುವ ಮೊದಲು, ಆ ಪದ್ಧತಿಗೆ ದುಡ್ಡು ಹಾಕಿ ಬೆಳೆಸಿದವರು ಯಾರೆಂದು ಯೋಚಿಸಬೇಕು. ನಾವು ಆ ಮಿಸ್ತ್ರಿಗೆ ಹುಡುಕಿದ್ದಕ್ಕೆಂದೇ 500 ರೂಪಾಯಿ ಕೊಟ್ಟೆವು. ಗಾಡಿಯ ಖಾತೆಯಲ್ಲಿ ಅದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ.

ಲಾಭ ಎಷ್ಟು ಎಂದು ಬಿಡಿಸಿ ನೋಡೋಣ. ಬೋಲ್ಟ್ ಬಿಚ್ಚುವ ಮುಂಚೆ ಪಂಪಿನ ಕೆಳಗೆ ಕತ್ತರಿಸಿದ ಬಾಟಲಿ ಇಟ್ಟು ಅಳೆದಿದ್ದೆವು: ಐಡ್ಲಿಂಗಿನಲ್ಲಿ 10 ನಿಮಿಷಕ್ಕೆ 50 ಮಿ.ಲೀ. ಅಂದರೆ ತಾಸಿಗೆ 300 ಮಿ.ಲೀ. ಲೋಡಿಂಗಿನಲ್ಲಿ ನಿಂತದ್ದು, ಬೆಳಗಾವಿ ಟ್ರಾಫಿಕ್ಕಿನಲ್ಲಿ ತೆವಳಿದ್ದು ಎಲ್ಲ ಸೇರಿ ಇಂಜಿನ್ ದಿನಕ್ಕೆ 7 ತಾಸು ಓಡುತ್ತದೆ. 2.1 ಲೀಟರ್ ರಸ್ತೆಗೆ ಹೋಯಿತು. ಲೀಟರಿಗೆ 91 ರೂಪಾಯಿಯಂತೆ ದಿನಕ್ಕೆ 191. ತಿಂಗಳಿಗೆ 25 ದಿನದ ದುಡಿಮೆ ಹಿಡಿದರೆ 52.5 ಲೀಟರ್, 4,777 ರೂಪಾಯಿ. ಆರು ತಿಂಗಳ ಸೀಸನ್ನಿಗೆ 28,665 ರೂಪಾಯಿ.

ಇದನ್ನೇ ಇನ್ನೊಂದು ಬಗೆಯಲ್ಲಿ ನೋಡಿ. ನಮ್ಮ ಗಾಡಿಗೆ ದಿನಕ್ಕೆ 35 ಲೀಟರ್ ಬೀಳುತ್ತಿತ್ತು. ಬೆಲೆ 3,185 ರೂಪಾಯಿ. ಇಂಜಿನ್ನಿಗೆ ಮುಟ್ಟಿದ್ದು 32.9 ಲೀಟರ್ ಮಾತ್ರ. 3,185ನ್ನು 32.9ರಿಂದ ಭಾಗಿಸಿ: ಉರಿದ ಪ್ರತಿ ಲೀಟರಿಗೆ ನಾವು ತೆತ್ತದ್ದು 96 ರೂಪಾಯಿ 80 ಪೈಸೆ. 2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿದಾಗ ಲೀಟರಿಗೆ 2 ರೂಪಾಯಿ ಹೆಚ್ಚಾಯಿತು. ಆ ತಿಂಗಳೇ ಲಾರಿ ಮಾಲೀಕರು ಮುಷ್ಕರ ಹೂಡಿದರು, ಹೂಡಿದ್ದು ನ್ಯಾಯವೇ. ಒಂದು ತಾಮ್ರದ ವಾಷರು ಮತ್ತು ಗೇಣುದ್ದದ ರಬ್ಬರ್ ಪೈಪು ಸೇರಿ ನಮ್ಮ ಮೇಲೆ ಹಾಕಿದ್ದು 5 ರೂಪಾಯಿ 80 ಪೈಸೆ. ಅದರ ವಿರುದ್ಧ ಧ್ವನಿ ಎತ್ತಬೇಕಾದವರು ನಾವೇ.

ಇನ್ನು ಆ ಟಾಪ್‌ಅಪ್ ಸಾಲ. ಇದರ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಬೇಕಾದದ್ದು 32,000, 50,000ಕ್ಕಿಂತ ಕಡಿಮೆ ಫೈಲ್ ಆಗುವುದಿಲ್ಲ ಅಂದರು. "ವರ್ಷಕ್ಕೆ 12 ಪರ್ಸೆಂಟ್, ಫ್ಲ್ಯಾಟ್." ಎರಡು ವರ್ಷಕ್ಕೆ ಬಡ್ಡಿ 12,000, ಕಂತು 2,583. ಅಸಲು ತಿಂಗಳು ತಿಂಗಳು ತೀರುತ್ತ ಬಂದರೂ ಬಡ್ಡಿ ಮಾತ್ರ ಕೊನೆಯ ತನಕ ಪೂರ್ತಿ 50,000ದ ಮೇಲೆಯೇ. ಇಳಿಯುವ ಬಾಕಿಯ ಲೆಕ್ಕಕ್ಕೆ ತಂದರೆ ಇದು ವರ್ಷಕ್ಕೆ ಸುಮಾರು ಶೇ 21.6ರ ಸಾಲ, ಪ್ರೊಸೆಸಿಂಗ್ ಫೀ ಬೇರೆ. ಇಂಥದನ್ನು ಶೇ 12ರ ಸಾಲ ಎಂದು ಕರೆಯುವುದೇ ತಪ್ಪು. ರಿಟೇಲ್ ಮತ್ತು ಸಣ್ಣ ಉದ್ದಿಮೆಗಳ ಸಾಲಕ್ಕೆ 2024ರ ಅಕ್ಟೋಬರ್ 1ರಿಂದ ಎಲ್ಲ ಬ್ಯಾಂಕು, ಫೈನಾನ್ಸ್ ಕಂಪನಿಗಳೂ ಕೆಎಫ್‌ಎಸ್ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್) ಹಾಳೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದರಲ್ಲಿ ಎಪಿಆರ್, ಅಂದರೆ ಫೀ ಎಲ್ಲ ಸೇರಿದ ನಿಜವಾದ ವಾರ್ಷಿಕ ದರ, ಎಂಬ ಸಾಲು ಇರುತ್ತದೆ. ಉಳಿದದ್ದು ಓದದಿದ್ದರೂ ಅದೊಂದನ್ನು ಓದಿ, ಆಮೇಲೆ ಸಹಿ ಮಾಡಿ. ಹಾಳೆ ಕೊಡದವರ ಟೇಬಲ್ ಮುಂದಿನಿಂದ ಎದ್ದು ಬನ್ನಿ.

ಖರ್ಚು ಎಲ್ಲಿ ಹೋಗುತ್ತದೆಂದು ಕೇಳಿದರೆ ನಮ್ಮ ಕಡೆ ಗಾಡಿಯವರು ಗಣೇಬೈಲ್ ಟೋಲ್ ತೋರಿಸುತ್ತಾರೆ, ಆರ್‌ಟಿಒ ತೋರಿಸುತ್ತಾರೆ. ಕೈಯಲ್ಲಿ ರಸೀದಿ ಬರುವ ಖರ್ಚು ನೆನಪಿರುತ್ತದೆ. ಸೋರಿಕೆಗೆ ರಸೀದಿ ಇಲ್ಲ. ಅದಕ್ಕೆ ವಹಿ ಬೇಕು. ಟ್ಯಾಂಕ್ ಬಾಯಿ ತನಕ ತುಂಬಿಸಿ ಕಿಲೋಮೀಟರ್ ಬರೆದಿಡಿ; ಮತ್ತೆ ಬಾಯಿ ತನಕ ತುಂಬಿಸುವಾಗ ಲೀಟರ್ ಬರೆಯಿರಿ, ಭಾಗಿಸಿ. ಅದೇ ದಾರಿ, ಅದೇ ಲೋಡು ಇದ್ದೂ 4 ಇದ್ದ ಮೈಲೇಜ್ 3.75ಕ್ಕೆ ಬಂದರೆ ಡ್ರೈವರನ್ನು ಅನುಮಾನಿಸುವ ಮೊದಲು ಗಾಡಿಯ ಕೆಳಗೆ ಬಗ್ಗಿ. ಎಷ್ಟೋ ಪ್ರಾಮಾಣಿಕ ಡ್ರೈವರುಗಳು ಡೀಸೆಲ್ ಕದ್ದ ಅಪವಾದ ಹೊತ್ತು ಕೆಲಸ ಬಿಟ್ಟಿದ್ದಾರೆ. ಮುಂಜಾನೆ ಹ್ಯಾಂಡ್ ಪಂಪ್ ಒತ್ತಬೇಕಾಯಿತು ಎಂದು ಅವರು ಹೇಳಿದರೆ ಅದನ್ನೂ ತಾರೀಖು ಹಾಕಿ ಬರೆಯಿರಿ.

ಎರಡು ಎಚ್ಚರಿಕೆ. ಡಿಪ್‌ಸ್ಟಿಕ್‌ನಲ್ಲಿ ಇಂಜಿನ್ ಆಯಿಲ್ ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಸೋರಿಕೆ ಒಳಗಿದೆ. ಗಾಡಿ ಅಲ್ಲೇ ನಿಲ್ಲಿಸಿ, ಇಲ್ಲದಿದ್ದರೆ ಬೇರಿಂಗಿಗೆ ಹೋಗುತ್ತದೆ. ಬಿಎಸ್ 6 ಗಾಡಿಯ ಕಾಮನ್ ರೇಲ್ ಪೈಪುಗಳಲ್ಲಿ ಒತ್ತಡ ಸಾವಿರ ಬಾರ್‌ಗೂ ಮೇಲೆ. ಇಂಜಿನ್ ಓಡುವಾಗ ಅಲ್ಲಿ ಬೆರಳಾಡಿಸಿದರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಬೆರಳೇ ಹೋಗಬಹುದು. ಅದು ತರಬೇತಾದವರ ಕೆಲಸ.

ಹಳೆಯ ಪಂಪಿನ ಗಾಡಿ ಇದ್ದವರು ಮುಂದಿನ ಸಲ ವರ್ಕ್‌ಶಾಪಿಗೆ ಹೋದಾಗ ಮೊದಲೇ ಹೇಳಿ: ತೊಳೆಯಿರಿ, ಹುಡುಕಿರಿ, ಎಲ್ಲಿ ಸೋರುತ್ತದೆ ತೋರಿಸಿರಿ, ಏನೂ ಬದಲಿಸದಿದ್ದರೂ ನಿಮ್ಮ 500 ರೂಪಾಯಿ ಕೊಡುತ್ತೇವೆ. ಆ ಮಾತನ್ನು ಬಿಲ್ಲಿನ ಮೊದಲನೆಯ ಸಾಲಾಗಿ ಬರೆಸಿ. ಸಾಮಾನಿನ ಸಾಲು ಅದರ ಕೆಳಗೆ, ಸೋರಿಕೆಯನ್ನು ನಿಮ್ಮ ಕಣ್ಣಾರೆ ಕಂಡ ಮೇಲೆ ಬರಲಿ.