ಲೋಗೋ ಎಂಬ ಗಣಕಭಾಷೆಯೂ ನಮ್ಮ ಹುಡುಗಿಯರೂ

ಕಳೆದ ವಾರ್ಷಿಕೋತ್ಸವದ ದಿನ ಬಾಗಲವಾಡದ ಪೋಷಕರೊಬ್ಬರು ನಮ್ಮನ್ನು ಕಂಡು, “ಅಕ್ಕೋರೇ, ಆಮೆಗೆ ದಾರಿ ಹೇಳಿಕೊಟ್ಟರೆ ನಮ್ಮ ಹುಡುಗಿಗೆ ನೌಕರಿ ಸಿಗತದೇನ್ರಿ?” ಎಂದು ಕೇಳಿದರು. ಹತ್ತನೆಯ ತರಗತಿ ಮುಗಿದೊಡನೆ ಮಗಳ ಓದನ್ನು ನಿಲ್ಲಿಸುವ ಯೋಚನೆ ಅವರಿಗಿತ್ತು. ಅಂದಿನ ಗದ್ದಲದಲ್ಲಿ ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆವು. ಆದಕಾರಣ ಅದನ್ನು ಇಲ್ಲಿ ಬರೆಯುತ್ತೇವೆ.

ಆ ಆಮೆಯು ಗಣಕಯಂತ್ರದ ಪರದೆಯ ಮೇಲಿರತಕ್ಕದ್ದು. ಅದಕ್ಕೆ ಅಪ್ಪಣೆ ಕೊಡುವ ಭಾಷೆಗೆ ಲೋಗೋ ಎಂದು ಹೆಸರು; ಗ್ರೀಕರ ‘ಲೋಗೋಸ್’, ಅಂದರೆ ಮಾತು, ಎಂಬ ಪದದಿಂದ ಬಂದದ್ದು. 1967ರಲ್ಲಿ ಅಮೇರಿಕಾ ದೇಶದಲ್ಲಿ ಸೇಮೂರ್ ಪೇಪರ್ಟ್, ವಾಲಿ ಫೋಯರ್‌ಝೈಗ್, ಸಿಂಥಿಯಾ ಸಾಲೊಮನ್ ಮೊದಲಾದವರು ಇದನ್ನು ಮಕ್ಕಳಿಗೋಸ್ಕರವೇ ರಚಿಸಿದರು. ನೌಕರಿ ಕೊಡುವವರು ಇದನ್ನು ಕೇಳುವದಿಲ್ಲ. ಈ ಮಾತನ್ನು ಮುಚ್ಚಿಡುವದು ಸರಿಯಲ್ಲ. ಆದರೆ ಡಾ. ಯು. ಬಿ. ಪವನಜರು ಇದನ್ನು ಕನ್ನಡಕ್ಕೆ ತಂದಿರುವರು. ಆ ಕೆಲಸಕ್ಕೆ 2006ರ ಮಂಥನ್ ಪ್ರಶಸ್ತಿಯು ದೊರೆಯಿತು. ಇಂಗ್ಲಿಷಿನ ಭಯದಿಂದ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿರುವ ಹುಡುಗಿಯು ಇದರಿಂದ ತನ್ನ ಮಾತಿನಲ್ಲಿಯೇ ಯಂತ್ರವನ್ನು ನಡಿಸಬಲ್ಲಳು.

ಪಾಠವು ಹೀಗಿರುವದು. ಆಮೆಯು ನಡೆದಲ್ಲೆಲ್ಲಾ ಗೆರೆ ಬೀಳುವದು. 100 ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ. ಇದನ್ನು 4 ಸಾರಿ ಮಾಡಿಸಿದರೆ ಚೌಕವಾಗುವದು. ತ್ರಿಕೋನಕ್ಕೆ ಬಂದಾಗ ಹೆಚ್ಚುಕಡಿಮೆ ಎಲ್ಲರೂ 60 ಎಂದು ಬರೆಯುವರು. ಗೆರೆಗಳು ಕೂಡದೆ ಆಕೃತಿಯು ಬಾಯಿ ತೆರೆದುಕೊಂಡು ನಿಲ್ಲುವದು. ಆಗ ನಾವು ತಿದ್ದುವದಿಲ್ಲ. ಹುಡುಗಿಯರು ಅಂಗಳಕ್ಕೆ ಹೋಗಿ ತಾವೇ ಆಮೆಯಂತೆ ನಡೆಯುವರು. ಸುತ್ತಿ ಬಂದು ಮೊದಲಿನ ದಿಕ್ಕಿಗೇ ಮುಖಮಾಡಿ ನಿಲ್ಲಬೇಕಾದರೆ ಒಟ್ಟು 360 ಡಿಗ್ರಿ ತಿರುಗಬೇಕೆಂದು ಅವರಿಗೆ ಕಾಣುವದು. 3ರಿಂದ ಭಾಗಿಸಿದರೆ 120. ಬಾಹ್ಯಕೋನದ ಈ ಸಂಗತಿಯನ್ನು ನಾವು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದೆವು! ಚೌಕವನ್ನು 10 ಡಿಗ್ರಿಯಂತೆ ತಿರುಗಿಸುತ್ತ 36 ಸಾರಿ ಬರೆಯಿಸಿದರೆ ರಂಗೋಲಿಯಾಗುವದು.

ಲೋಗೋ ಎಂದರೆ ಬರೀ ಚಿತ್ರವೆಂದು ತಿಳಿಯಬಾರದು. ಮೊದಲು ಅದು ಪದಗಳನ್ನೂ ಪಟ್ಟಿಗಳನ್ನೂ ಜೋಡಿಸುವ ಭಾಷೆಯಾಗಿತ್ತು. ಆಮೆಯು ಆಮೇಲೆ ಬಂದಿತು. ಆದ್ದರಿಂದ ಈ ಸಂಚಿಕೆಗೆ ಬಂದ ಬರಹಗಳ ಪಟ್ಟಿಯನ್ನು ಒಂಬತ್ತನೆಯ ತರಗತಿಯವರಿಗೆ ಒಪ್ಪಿಸಿದೆವು. ಪ್ರತಿಯೊಂದಕ್ಕೂ ತಲೆಬರಹ, ಬರೆದವಳ ತರಗತಿ, ತಿದ್ದಿ ಆಯಿತೋ ಇಲ್ಲವೋ ಎಂಬ ಗುರುತು; ಕೇಳಿದ ಕೂಡಲೇ ತಿದ್ದದೆ ಉಳಿದವುಗಳು ಮಾತ್ರ ಕಾಣಬೇಕು. ಮೊದಲ ದಿನ ತಿದ್ದಿದವುಗಳೇ ಹೊರಬಂದವು. ಗುರುತು ತಲೆಕೆಳಗಾಗಿತ್ತೆಂದು ಕಂಡುಹಿಡಿದವಳು ಬಾಗಲವಾಡದ ಆ ಹುಡುಗಿಯೇ. ಲೆಕ್ಕವು ತನ್ನ ಪಾಲಿನದಲ್ಲವೆಂದು ಅವಳು ಒಮ್ಮೆ ನಮ್ಮೆದುರು ಅತ್ತಿದ್ದಳು. ಈಗ ಆ ಪಟ್ಟಿಯನ್ನು ಮಾಡುವ ಬಗೆಯನ್ನು ನೋಟುಬುಕ್ಕಿನಲ್ಲಿ ಬರೆದು ಎಂಟನೆಯ ತರಗತಿಯವರಿಗೆ ಕಲಿಸುತ್ತಿದ್ದಾಳೆ. ಸಣ್ಣ ಭಾಷೆಯೊಂದು ಹೊಗಳಿಕೆಯಿಂದ ಹರಡುವದನ್ನು ನಾವು ಕಾಣೆವು; ಈ ನೋಟುಬುಕ್ಕಿನಿಂದ ಹರಡುತ್ತಿರುವದನ್ನು ಕಂಡಿದ್ದೇವೆ.

ಶನಿವಾರ ಮಧ್ಯಾಹ್ನ ಗಣಕದ ಕೊಠಡಿಯು ತೆರೆದಿರುವದು. ಪೋಷಕರು ಬಂದು ನೋಡಬಹುದು. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರ ಮನೆಯಲ್ಲಾದರೂ ಉಪಯೋಗಿಸದ ಗಣಕಯಂತ್ರವಿದ್ದರೆ ದಯವಿಟ್ಟು ಕಳುಹಿಸಿಕೊಡಬೇಕು. ಸದ್ಯ ನಮ್ಮಲ್ಲಿ ಮೂವರು ಹುಡುಗಿಯರಿಗೆ ಒಂದರಂತೆ ಇವೆ.